ಸೊಕ್ಕಿದ್ದವನೇ ಚಾಂಪಿಯನ್ನಾ?

ದಾವಣಗೆರೆಯಲ್ಲಿ ಕಾರು ಕಲಿಸುವ ಹೆಂಗಸು ಫಾರ್ಮುಲಾ ಒನ್ ಕಾರ್ ರೇಸ್ ನೋಡುತ್ತಾಳೆ ಅಂದರೆ ಜನ ಮೊದಲು ನಗುತ್ತಾರೆ. ಆಮೇಲೆ ನನಗೇ ರೇಸಿನ ಪಾಠ ಶುರು ಮಾಡುತ್ತಾರೆ. ಈಚೆಗೆ ನನ್ನ ಹತ್ತಿರ ಕಲಿಯಲು ಬರುವ ಇಂಜಿನಿಯರಿಂಗ್ ಹುಡುಗನೊಬ್ಬ ಹಾಗೇ ಶುರು ಮಾಡಿದ. ಹೈಸ್ಕೂಲ್ ಮೈದಾನದ ಪಕ್ಕ ಎರಡನೇ ಗೇರಿನಲ್ಲಿ ಹೋಗುತ್ತಾ, "ಮೇಡಂ, ಸೊಕ್ಕಿಲ್ಲದವನು ಚಾಂಪಿಯನ್ ಆಗೋಕೆ ಸಾಧ್ಯನೇ ಇಲ್ಲ. ಸೆನ್ನಾನ ನೋಡಿ, ಶೂಮಾಕರ್‌ನ ನೋಡಿ, ವರ್ಸ್ಟಾಪನ್‌ನ ನೋಡಿ" ಅಂದ.

"ಮೊದಲು ಮಿರರ್ ನೋಡಪ್ಪ" ಅಂದೆ.

ಆದರೂ ಆ ಮಾತು ತಲೆಯಲ್ಲೇ ಕೂತಿತು. ಯಾಕಂದರೆ ಅವನು ಹೇಳಿದ ಮೂರೂ ಹೆಸರು ವಿಶ್ವ ಚಾಂಪಿಯನ್ ಆದವರದ್ದು, ಸುಮ್ನೆ ತೆಗೆದುಹಾಕುವಂಥವಲ್ಲ.

ಸೆನ್ನಾನಿಂದಲೇ ಶುರು ಮಾಡೋಣ. 1989ರಲ್ಲಿ ಜಪಾನಿನ ಸುಜುಕಾದಲ್ಲಿ ಅವನೂ ಆಲೇನ್ ಪ್ರೊಸ್ಟ್ ಕೂಡ ಒಂದೇ ಟೀಮು, ಮೆಕ್‌ಲಾರೆನ್. ಸೆನ್ನಾ ಒಳಗಡೆಯಿಂದ ಮೂತಿ ತೂರಿಸಿದ, ಪ್ರೊಸ್ಟ್ ಬಾಗಿಲು ಮುಚ್ಚಿದ, ಎರಡೂ ಕಾರು ಒಂದಕ್ಕೊಂದು ಸಿಕ್ಕಿಕೊಂಡು ನಿಂತವು. ಪ್ರೊಸ್ಟ್ ಇಳಿದು ನಡೆದ. ಸೆನ್ನಾ ಕಾರು ತಳ್ಳಿಸಿಕೊಂಡು ಹೋಗಿ ರೇಸ್ ಗೆದ್ದ, ಆಮೇಲೆ ಅವನನ್ನು ಅನರ್ಹ ಮಾಡಿದರು. ಚಾಂಪಿಯನ್ ಪಟ್ಟ ಪ್ರೊಸ್ಟ್ ಪಾಲಾಯಿತು. ಮರುವರ್ಷ ಅದೇ ಸುಜುಕಾ. ಪ್ರೊಸ್ಟ್ ಆಗ ಫೆರಾರಿಯಲ್ಲಿದ್ದ. ಅವನು ರೇಸ್ ಮುಗಿಸದೇ ಇದ್ದರೆ ಸೆನ್ನಾನೇ ಚಾಂಪಿಯನ್. ಮೊದಲ ತಿರುವಿನಲ್ಲೇ ಸೆನ್ನಾ ಹೋಗಿ ಗುದ್ದಿದ. ಇಬ್ಬರೂ ಧೂಳಿನಲ್ಲಿ. ಬೇಕಂತಲೇ ಗುದ್ದಿದೆ ಅಂತ ಒಂದು ವರ್ಷ ಆದಮೇಲೆ ಅವನೇ ಒಪ್ಪಿಕೊಂಡ.

ಆ ಡಿಕ್ಕಿಯ ನಂತರ ಆಸ್ಟ್ರೇಲಿಯಾದ ಅಡಿಲೇಡಿನಲ್ಲಿ ಹಳೆಯ ಚಾಂಪಿಯನ್ ಜಾಕಿ ಸ್ಟೀವರ್ಟ್ ಸೆನ್ನಾನ ಸಂದರ್ಶನ ಮಾಡಿದ. ಹಿಂದಿನ ಚಾಂಪಿಯನ್‌ಗಳೆಲ್ಲ ಸೇರಿ ಮಾಡಿದ್ದಕ್ಕಿಂತ ಜಾಸ್ತಿ ಡಿಕ್ಕಿಗಳಲ್ಲಿ ನೀನೊಬ್ಬನೇ ಸಿಕ್ಕಿಕೊಂಡಿದ್ದೀಯಲ್ಲ, ಯಾಕೆ ಅನ್ನೋದು ಅವನ ಪ್ರಶ್ನೆಯ ತಿರುಳು. ಸೆನ್ನಾಗೆ ಕೋಪ ಬಂತು. ಕಣ್ಣೆದುರು ಜಾಗ ಕಂಡೂ ನುಗ್ಗದವನು ರೇಸ್ ಡ್ರೈವರೇ ಅಲ್ಲ ಅನ್ನೋ ಅರ್ಥದ ಉತ್ತರ ಕೊಟ್ಟ. ಆ ಉತ್ತರವನ್ನು ಜನ ಈಗಲೂ ಪೋಸ್ಟರ್ ಮಾಡಿ ಗೋಡೆಗೆ ಅಂಟಿಸುತ್ತಾರೆ. ಸ್ಟೀವರ್ಟ್ ಕೇಳಿದ ಪ್ರಶ್ನೆಯನ್ನು ಯಾರೂ ಅಂಟಿಸಲ್ಲ. ನನಗೆ ಪ್ರಶ್ನೆಯೇ ಇಷ್ಟ.

ಜಾಗ ಇದ್ದರೆ ನುಗ್ಗಬೇಕು, ಸರಿ. ಆದರೆ ಆ ಜಾಗ ನನ್ನದಾಗೋದು ಪಕ್ಕದವನು ಸರಿದುಕೊಂಡಾಗ ಮಾತ್ರ. ಅವನು ಸರಿದೇ ಸರಿಯುತ್ತಾನೆ, ಅವನಿಗೆ ಜೀವದ ಮೇಲೆ ಆಸೆ ಇದೆ ಅನ್ನೋ ನಂಬಿಕೆಯ ಮೇಲೆ ಇಡೀ ಆಟ ನಿಂತಿದೆ. ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಶೋಕ ರಸ್ತೆಯ ರೈಲ್ವೆ ಗೇಟ್ ಬಿದ್ದಾಗಿನ ಗಲಾಟೆ ಕಂಡವರೇ ಎಲ್ಲರೂ. ಎಡಗಡೆಯ ಸಾಲು ಬಿಟ್ಟು ಬಲಗಡೆ ನುಗ್ಗಿ ಮುಂದೆ ನಿಲ್ಲುವವನಿಗೆ ಒಂದೇ ಭರವಸೆ, ಗೇಟ್ ಎತ್ತಿದಾಗ ಎದುರಿನವನು ದಾರಿ ಬಿಡುತ್ತಾನೆ ಅಂತ. ಎದುರುಗಡೆಯೂ ಅಂಥವನೇ ನಿಂತಿದ್ದರೆ? ರೈಲು ಹರಿಹರ ಮುಟ್ಟಿದರೂ ಇಲ್ಲಿ ಯಾರೂ ಅಲ್ಲಾಡಲ್ಲ. ಸುಜುಕಾದಲ್ಲಿ ಎರಡು ವರ್ಷ ಆಗಿದ್ದು ಇದೇ.

ನಮ್ಮಪ್ಪ ಲಾರಿ ಡ್ರೈವರ್. ಬಾಂಬೆ ಲೈನ್. ಹೈವೇ ಇನ್ನೂ ಒಂದೇ ರಸ್ತೆಯಾಗಿದ್ದ ಕಾಲದಲ್ಲಿ ಭರಮಸಾಗರ, ಆನಗೋಡು ದಾಟಿ ರಾತ್ರಿಯೆಲ್ಲ ಓಡಿಸಿದವರು. ಎದುರಿನವನು ಲೈಟ್ ಡಿಪ್ ಮಾಡದೆ ಬಂದರೆ ಅಪ್ಪ ಗಾಡಿಯನ್ನು ಪಕ್ಕಕ್ಕಿಳಿಸಿ ಬಿಡುತ್ತಿದ್ದರು. ಕ್ಲೀನರ್ ಹುಡುಗ ರೇಗಿದರೆ, "ಅವನಿಗೆ ನಿದ್ದೆ ಹತ್ತೈತೋ ಸೊಕ್ಕು ಹತ್ತೈತೋ ನಮಗೇನ್ ಗೊತ್ತು" ಅನ್ನುತ್ತಿದ್ದರಂತೆ. ಅಪ್ಪ ರೇಸ್ ಡ್ರೈವರ್ ಅಲ್ಲ, ನಿಜ. ಲಾರಿಗೆ ಪೋಡಿಯಂ ಇಲ್ಲ. ಆದರೆ ಈ ಲೆಕ್ಕಾಚಾರ ರೇಸಿನಲ್ಲೂ ಒಂದು ಕಾಲಕ್ಕೆ ಹೀಗೇ ಇತ್ತು ಅನ್ನೋದು ಹಳೆಯ ಕತೆಗಳನ್ನು ಓದಿದಾಗ ಗೊತ್ತಾಗುತ್ತದೆ.

ಸ್ಟೀವರ್ಟ್ ಆ ಪ್ರಶ್ನೆ ಯಾಕೆ ಕೇಳಿದ ಅಂತ ಯೋಚಿಸಿ. 1966ರಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ಮಳೆಯಲ್ಲಿ ಅವನ ಕಾರು ಜಾರಿ ರಸ್ತೆಯಿಂದ ಹೊರಗೆ ಬಿತ್ತು. ಕಾರು ನಜ್ಜುಗುಜ್ಜಾಗಿ ಅವನು ಒಳಗೆ ಸಿಕ್ಕಿಕೊಂಡ. ಮೈಮೇಲೆ ಪೆಟ್ರೋಲ್ ಸುರಿಯುತ್ತಿತ್ತು. ಒಂದು ಕಿಡಿ ಬಿದ್ದಿದ್ದರೆ ಮುಗೀತು. ಬೇರೆ ಇಬ್ಬರು ಡ್ರೈವರ್‌ಗಳು, ಗ್ರಹಾಂ ಹಿಲ್ ಮತ್ತು ಬಾಬ್ ಬಾಂಡುರಾಂಟ್, ತಾವೂ ಅಲ್ಲೇ ಹತ್ತಿರ ಜಾರಿ ಹೊರಗೆ ಬಿದ್ದವರು, ಬಂದು ನೋಡುಗರ ಹತ್ತಿರ ಸ್ಪ್ಯಾನರ್ ಇಸ್ಕೊಂಡು ಸ್ಟೇರಿಂಗ್ ಬಿಚ್ಚಿ ಅವನನ್ನು ಹೊರಗೆ ತೆಗೆದರು. ಆಮೇಲೆ ಸ್ಟೀವರ್ಟ್ ತನ್ನ ಕಾರಿನಲ್ಲಿ ಯಾವಾಗಲೂ ಒಂದು ಸ್ಪ್ಯಾನರ್ ಅಂಟಿಸಿಕೊಂಡೇ ಓಡಿಸಿದ. ಬೇಲಿ, ಬೆಲ್ಟ್, ಡಾಕ್ಟರ್ ಎಲ್ಲ ಬೇಕು ಅಂತ ಜಗಳ ಆಡಿದ. ಹೇಡಿ ಅನ್ನಿಸಿಕೊಂಡ. ಮೂರು ಸಲ ವಿಶ್ವ ಚಾಂಪಿಯನ್, 27 ಗೆಲುವು, ಅವನು ಹೇಡಿ! 1973ರಲ್ಲಿ ವಾಟ್ಕಿನ್ಸ್ ಗ್ಲೆನ್‌ನಲ್ಲಿ ಅವನ ಜೊತೆಗಾರ ಫ್ರಾನ್ಸ್ವಾ ಸೆವೆರ್ ಅಭ್ಯಾಸದಲ್ಲಿ ಸತ್ತ. ಮಾರನೇ ದಿನದ್ದು ಸ್ಟೀವರ್ಟ್‌ನ ನೂರನೇ ರೇಸ್ ಆಗಬೇಕಿತ್ತು. ಅವನು ಅದಕ್ಕೆ ಇಳಿಯಲೇ ಇಲ್ಲ.

ಆ ಕಾಲದಲ್ಲಿ ಇನ್ನೊಬ್ಬನ ಚಕ್ರಕ್ಕೆ ಚಕ್ರ ತಾಗಿಸಿದರೆ ಇಬ್ಬರಲ್ಲಿ ಒಬ್ಬ ಮನೆಗೆ ಹೋಗದೇ ಇರಬಹುದಿತ್ತು. 1981ರಲ್ಲಿ ಮೆಕ್‌ಲಾರೆನ್ ಕಾರ್ಬನ್ ಫೈಬರ್‌ನ ಚಾಸಿ, ಅಂದರೆ ಡ್ರೈವರ್ ಕೂರುವ ಗಟ್ಟಿ ಒಡಲು, ತಂದಿತು. ನಿಧಾನಕ್ಕೆ ಎಲ್ಲರೂ ಅದಕ್ಕೇ ಬಂದರು. ಗುದ್ದಿದರೂ ಡ್ರೈವರ್ ಇಳಿದು ನಡೆದು ಹೋಗಬಹುದು ಅನ್ನೋ ಸ್ಥಿತಿ ಬಂತು. ಬೇಕಂತಲೇ ಗುದ್ದುವ ಚಾಳಿ ಶುರುವಾಗಿದ್ದು ಅದಾದ ಮೇಲೆ ಅಂತ ನನ್ನ ಅನುಮಾನ. ಸ್ಟೀವರ್ಟ್ ಜಗಳ ಆಡಿ ತಂದ ಸುರಕ್ಷತೆಯನ್ನು ಸೆನ್ನಾ ಆಯುಧ ಮಾಡಿಕೊಂಡ. ಹಳಬರೆಲ್ಲ ದೇವರಂಥವರು ಅಂತ ನಾನು ಹೇಳುತ್ತಿಲ್ಲ. ಅವರ ಕಾರಿನಲ್ಲಿ ಸೊಕ್ಕಿಗೆ ಜಾಗ ಇರಲಿಲ್ಲ, ಅಷ್ಟೆ.

ಆದರೂ ಆ ಹಳಬರಲ್ಲೊಬ್ಬನಾದ ಸ್ಟರ್ಲಿಂಗ್ ಮಾಸ್ ಮಾಡಿದ್ದನ್ನು ಅಷ್ಟಕ್ಕೇ ಇಳಿಸೋಕೆ ಮನಸ್ಸು ಬರಲ್ಲ. 1958ರ ಪೋರ್ಚುಗಲ್ ರೇಸ್. ಮೈಕ್ ಹಾಥಾರ್ನ್ ಅವನ ನೇರ ಎದುರಾಳಿ. ಹಾಥಾರ್ನ್ ಕಾರು ತಿರುಗಿ ನಿಂತು, ಅವನು ಅದನ್ನು ಎದುರು ದಿಕ್ಕಿನಲ್ಲಿ ತಳ್ಳಿದ ಅಂತ ದೂರು ಬಂತು. ಅನರ್ಹ ಮಾಡುವುದರಲ್ಲಿದ್ದರು. ಮಾಸ್ ಹೋಗಿ, ಇಲ್ಲ, ಅವನು ಟ್ರ್ಯಾಕ್ ಮೇಲೆ ತಳ್ಳಲಿಲ್ಲ, ಪಕ್ಕದಲ್ಲಿ ತಳ್ಳಿದ, ನಾನೇ ಕಂಡಿದ್ದೇನೆ ಅಂತ ಸಾಕ್ಷಿ ಹೇಳಿದ. ಹಾಥಾರ್ನ್‌ನ ಅಂಕ ಉಳಿಯಿತು. ವರ್ಷದ ಕೊನೆಗೆ ಹಾಥಾರ್ನ್ 42, ಮಾಸ್ 41. ಆ ವರ್ಷ ಮಾಸ್ ನಾಲ್ಕು ರೇಸ್ ಗೆದ್ದಿದ್ದ, ಹಾಥಾರ್ನ್ ಒಂದೇ ಒಂದು. ಮಾಸ್ ಕೊನೆಯವರೆಗೂ ಚಾಂಪಿಯನ್ ಆಗಲೇ ಇಲ್ಲ.

ಇಲ್ಲಿ ನನ್ನ ಇಂಜಿನಿಯರ್ ಹುಡುಗ, "ನೋಡಿದ್ರಾ ಮೇಡಂ, ಒಳ್ಳೇತನ ಮಾಡಿ ಪಟ್ಟ ಕಳ್ಕೊಂಡ" ಅನ್ನಬಹುದು. ಅನ್ನಲಿ. ಅವನಿಗೆ ನಾನು ಜಿಮ್ ಕ್ಲಾರ್ಕ್‌ನ ಹೆಸರು ಹೇಳುತ್ತೇನೆ.

ಕ್ಲಾರ್ಕ್ ಸ್ಕಾಟ್ಲೆಂಡಿನ ಗಡಿಭಾಗದ ರೈತ. ಕುರಿ ಸಾಕಿದ್ದ, ಹೊಲ ಇತ್ತು. ಚಿತ್ರದುರ್ಗದ ಕಡೆ ಹುಟ್ಟಿದ್ದರೆ ಚಳ್ಳಕೆರೆ ಸಂತೆಯಲ್ಲಿ ಸಿಗುತ್ತಿದ್ದ ಮನುಷ್ಯ. 72 ರೇಸಿಗೆ ಇಳಿದು 25 ಗೆದ್ದ. 1963 ಮತ್ತು 1965ರ ವಿಶ್ವ ಚಾಂಪಿಯನ್. ಅದೇ 1965ರಲ್ಲಿ ಅಮೆರಿಕಕ್ಕೆ ಹೋಗಿ ಇಂಡಿಯಾನಾಪೊಲಿಸ್ 500 ಕೂಡ ಗೆದ್ದುಕೊಂಡು ಬಂದ. ಕಾರಿನಿಂದ ಇಳಿದರೆ ಮಾತು ಕಮ್ಮಿ, ಉಗುರು ಕಚ್ಚುವ ಚಾಳಿ, ಸಣ್ಣ ಸಣ್ಣ ವಿಷಯಕ್ಕೂ ಏನು ಮಾಡಲಿ ಅಂತ ಒದ್ದಾಟ. ಕಾರಿಗೆ ಕೂತರೆ ಯಾರ ಕೈಗೂ ಸಿಗುತ್ತಿರಲಿಲ್ಲ. ಅವನ ಬ್ರೇಕ್ ಪ್ಯಾಡು ಜೊತೆಗಾರರ ಪ್ಯಾಡಿಗಿಂತ ಕಮ್ಮಿ ಸವೆಯುತ್ತಿದ್ದವಂತೆ. ಕಾರು ಕಲಿಸುವವಳಿಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಿಲ್ಲ. 1968ರ ಏಪ್ರಿಲ್ 7ರಂದು ಜರ್ಮನಿಯ ಹಾಕನ್‌ಹೈಮ್‌ನಲ್ಲಿ ತೀರಿಕೊಂಡ. ಊರಿನಲ್ಲಿರುವ ಅವನ ಸಮಾಧಿ ಕಲ್ಲಿನ ಮೇಲೆ ಮೊದಲು ರೈತ ಅಂತಿದೆ, ವಿಶ್ವ ಚಾಂಪಿಯನ್ ಅನ್ನೋದು ಅದರ ಕೆಳಗೆ.

ಹಾಗಾದರೆ ಚಾಂಪಿಯನ್‌ಗಳಲ್ಲಿ ನಮಗೆ ಸೊಕ್ಕಿನ ಹಾಗೆ ಕಾಣುವುದು ಏನು? ಇದನ್ನು ನಾನು ಕಲಿತಿದ್ದು ಟಿವಿಯಿಂದ ಅಲ್ಲ, ಪಕ್ಕದ ಸೀಟಿನಿಂದ.

ನಮ್ಮ ಗಾಡಿಯಲ್ಲಿ ನನ್ನ ಕಡೆಯೂ ಕ್ಲಚ್, ಬ್ರೇಕ್ ಇದೆ. ಕಲಿಯಲು ಬರುವ ಹೆಂಗಸರಲ್ಲಿ ಎಷ್ಟೋ ಜನ ರಸ್ತೆಗೇ ಕ್ಷಮೆ ಕೇಳಿಕೊಂಡು ಓಡಿಸುತ್ತಾರೆ. ಹಿಂದೆ ಹಾರ್ನ್ ಹೊಡೆದರೆ ಕೈ ನಡುಗುತ್ತದೆ. ನಾನು ತಿರುಗಲಾ ಅಕ್ಕಾ, ಈಗ ಹೋಗಲಾ ಅಕ್ಕಾ ಅಂತ ಕೇಳುತ್ತಲೇ ಇರುತ್ತಾರೆ. ಕೇಳುವಷ್ಟರಲ್ಲಿ ಜಾಗ ಮುಚ್ಚಿ ಹೋಗಿರುತ್ತದೆ. ಇನ್ನು ಗಂಡ ಹಿಂದಿನ ಸೀಟಿನಲ್ಲಿ ಕೂತು ಬಂದರಂತೂ ಮುಗೀತು. ಗೇರ್ ಹಾಕು, ಅದಲ್ಲ, ಎಡಕ್ಕೆ, ನೋಡ್ಕೊಂಡು. ಒಬ್ಬರು ಹೀಗೇ ವಾರಗಟ್ಟಲೆ ಒದ್ದಾಡಿದರು. ಒಂದಿನ ಹದಡಿ ರಸ್ತೆಯಲ್ಲಿ, ಟ್ರ್ಯಾಕ್ಟರ್ ಹಿಂದೆ, ಹಿಂದಿನ ಸೀಟಿನ ಕಾಮೆಂಟರಿ ಜೋರಾದಾಗ ತಿರುಗಿ ಕೂಡ ನೋಡದೆ, "ಸ್ವಲ್ಪ ಸುಮ್ನಿರ್ರೀ, ನಂಗೆ ಗೊತ್ತೈತಿ" ಅಂದರು. ಗೇರ್ ಇಳಿಸಿ, ಮಿರರ್ ನೋಡಿ, ಟ್ರ್ಯಾಕ್ಟರ್ ದಾಟಿ ಎಡಕ್ಕೆ ಬಂದರು. ನನ್ನ ಕಾಲು ಬ್ರೇಕ್ ಮೇಲೇ ಇತ್ತು, ಒತ್ತಬೇಕಾಗಿ ಬರಲಿಲ್ಲ. ಗಂಡ ಇಳಿದ ಮೇಲೆ, "ಮೇಡಂ, ಇವಳಿಗೆ ಸೊಕ್ಕು ಬಂತು ನೋಡ್ರಿ" ಅಂದರು.

2012ರ ಅಬುಧಾಬಿ ರೇಸಿನಲ್ಲಿ ಕಿಮಿ ರೈಕೋನೆನ್ ರೇಡಿಯೋದಲ್ಲಿ ತನ್ನ ಇಂಜಿನಿಯರ್‌ಗೆ ಹೇಳಿದ್ದೂ ಹೆಚ್ಚು ಕಮ್ಮಿ ಇದೇ ಮಾತು. ನನ್ನ ಪಾಡಿಗೆ ಬಿಡು, ಏನ್ ಮಾಡ್ತಿದ್ದೀನಿ ಅಂತ ನನಗೆ ಗೊತ್ತು ಅಂತ. ಆಗ ಅವನೇ ಮುಂದಿದ್ದ, ಆ ರೇಸನ್ನು ಅವನೇ ಗೆದ್ದ. ಮಾತು ಟೀ-ಶರ್ಟ್ ಮೇಲೆ ಅಚ್ಚಾಯಿತು. ಎಂಥ ಧಿಮಾಕು ಅಂತ ಜನ ಮೆಚ್ಚಿದರು. ನನಗೆ ಅದರಲ್ಲಿ ಧಿಮಾಕು ಕಾಣಲಿಲ್ಲ. ತಲೆಯಲ್ಲಿ ನೂರು ಲೆಕ್ಕ ಓಡುವಾಗ ಕಿವಿಯಲ್ಲಿ ಒಬ್ಬ ಮಾತಾಡುತ್ತಿದ್ದರೆ ಯಾರಾದರೂ ಹಾಗೇ ಹೇಳುತ್ತಾರೆ. 300 ಕಿಲೋಮೀಟರ್ ವೇಗದಲ್ಲಿ ದಯವಿಟ್ಟು, ಸ್ವಾಮಿ ಅಂತ ಸೇರಿಸೋಕೆ ಪುರುಸೊತ್ತು ಇರಲ್ಲ. ಮೊದಲಿನ ಡ್ರೈವರ್‌ಗಳು ಹೆಲ್ಮೆಟ್ ಒಳಗೆ ಬೈದುಕೊಂಡಿದ್ದು ಯಾರಿಗೂ ಕೇಳುತ್ತಿರಲಿಲ್ಲ. ಈಗ ರೇಡಿಯೋ ಮಾತನ್ನೆಲ್ಲ ಟಿವಿಯಲ್ಲಿ ಹಾಕುತ್ತಾರೆ. ಹಾಗಾಗಿ ಈಗಿನವರಿಗೆ ಕೊಬ್ಬು ಜಾಸ್ತಿ ಅನ್ನಿಸುತ್ತದೆ.

ಹೆಣ್ಣು ಖಚಿತವಾಗಿ ಓಡಿಸಿದರೆ ಸೊಕ್ಕು, ಗಂಡು ಓಡಿಸಿದರೆ ಕಾನ್ಫಿಡೆನ್ಸು. ಮಿಶೆಲ್ ಮೂಟೋನ್ ಅನ್ನೋ ಫ್ರಾನ್ಸಿನ ಹೆಣ್ಣುಮಗಳು 1982ರ ವಿಶ್ವ ರ‍್ಯಾಲಿಯಲ್ಲಿ ಎರಡನೇ ಸ್ಥಾನಕ್ಕೆ ಬಂದವಳು. ಅವಳೂ ಗಂಡಸರಿಂದ ಇಂಥ ಮಾತು ಬೇಕಾದಷ್ಟು ಕೇಳಿರುತ್ತಾಳೆ ಬಿಡಿ.

ಯಾರನ್ನೂ ಕೇಳದೆ ನಿರ್ಧಾರ ತಗೊಳ್ಳುವುದು ಒಂದು. ಅದಿಲ್ಲದೆ ರೇಸ್ ಇರಲಿ, ಹೊಂಡದ ಸರ್ಕಲ್ ಕೂಡ ದಾಟೋಕೆ ಆಗಲ್ಲ. ಯಾರು ಹೇಳಿದರೂ ಕೇಳದೇ ಇರುವುದು ಇನ್ನೊಂದು. ಎರಡನೆಯದಿದ್ದವರೂ ನನ್ನ ಹತ್ತಿರ ಬರುತ್ತಾರೆ. ಹೆಚ್ಚಿನವರು ಗಂಡುಮಕ್ಕಳು. ಬುಲೆಟ್ ಓಡಿಸಿ ಗೊತ್ತು, ಟ್ರ್ಯಾಕ್ಟರ್ ಓಡಿಸಿ ಗೊತ್ತು, ಡಿಎಲ್‌ಗೋಸ್ಕರ ಬಂದಿದ್ದೀನಿ ಅಷ್ಟೆ ಅನ್ನುವವರು. ಟೆಸ್ಟ್ ದಿನ ಬ್ರೇಕ್ ಇನ್‌ಸ್ಪೆಕ್ಟರ್ ಎದುರಿಗೆ ರಿವರ್ಸ್ ಹೊಡೆಯುವಾಗ ಕಂಬಕ್ಕೆ ತಾಗಿಸಿ, ಗಾಡಿಯೇ ಸರಿಯಿಲ್ಲ ಅಂತ ಇಳಿಯುತ್ತಾರೆ. ಸೊಕ್ಕಿದ್ದರೆ ಗೆಲ್ಲುತ್ತಾರೆ ಅನ್ನುವವರು ಈ ಸಾಲನ್ನು ಲೆಕ್ಕಕ್ಕೇ ತಗೊಳ್ಳಲ್ಲ. ರೇಸಿನಲ್ಲೂ ಹಾಗೇ ಅಲ್ವಾ? ಸೊಕ್ಕಿನ ಜೊತೆ ಗೆದ್ದ ಮೂವರ ಹೆಸರು ಎಲ್ಲರಿಗೂ ಗೊತ್ತು. ಅಷ್ಟೇ ಸೊಕ್ಕಿಟ್ಟುಕೊಂಡು ಸಣ್ಣ ರೇಸುಗಳಲ್ಲೇ ಕಾಸು ಮುಗಿಸಿ ಮನೆಗೆ ಹೋದವರ ಹೆಸರು ಯಾರಿಗೂ ಬೇಡ.

ಈಗಿನ ಕಾರಿನಲ್ಲಿ ಪ್ರತಿ ಬ್ರೇಕು, ಪ್ರತಿ ಆಕ್ಸಿಲರೇಟರ್, ಸ್ಟೇರಿಂಗ್ ಎಷ್ಟು ತಿರುಗಿತು ಅನ್ನೋದೆಲ್ಲ ದಾಖಲಾಗುತ್ತದೆ. ಓಡಿಸಿ ಬಂದವನೇ ಕಂಪ್ಯೂಟರ್ ಮುಂದೆ ಕೂರಬೇಕು. ಅವನ ಗೆರೆ ಒಂದು ಬಣ್ಣ, ಜೊತೆಗಾರನ ಗೆರೆ ಇನ್ನೊಂದು ಬಣ್ಣ. ಈ ತಿರುವಿನಲ್ಲಿ ನೀನು ಬೇಗ ಬ್ರೇಕ್ ಹಾಕಿದೆ, ಅವನು ತಡವಾಗಿ ಹಾಕಿದ ಅಂತ ಇಂಜಿನಿಯರ್‌ಗಳು ಎಲ್ಲರ ಎದುರಿಗೆ ಬೆರಳಿಟ್ಟು ತೋರಿಸುತ್ತಾರೆ. ಅಲ್ಲಿ ಗಾಡಿಯೇ ಸರಿಯಿಲ್ಲ ಅಂದರೆ ನಡೆಯಲ್ಲ, ಅದೇ ಗಾಡಿಯಲ್ಲಿ ಜೊತೆಗಾರ ಬೇಗ ಬಂದಿದ್ದಾನಲ್ಲ. ಶೂಮಾಕರ್ ಇಂಥ ಕೆಲಸದಲ್ಲಿ ಎಲ್ಲರಿಗಿಂತ ಶ್ರದ್ಧೆಯವನು. ಏಳು ಪಟ್ಟ ಅಲ್ಲಿಂದ ಬಂದವು.

ಅವನ ಸೊಕ್ಕಿನಿಂದ ಬಂದಿದ್ದೇನು? 1994ರಲ್ಲಿ ಅಡಿಲೇಡಿನ ಕೊನೆಯ ರೇಸಿನಲ್ಲಿ ಗೋಡೆಗೆ ತಾಗಿಸಿ, ಹಿಂದೆ ಬಂದ ಪಟ್ಟದ ಎದುರಾಳಿ ಡೇಮನ್ ಹಿಲ್‌ಗೆ ಅಡ್ಡ ಬಂದ. ಇಬ್ಬರೂ ಹೊರಗೆ. ಒಂದೇ ಅಂಕದಲ್ಲಿ ಚಾಂಪಿಯನ್. 1997ರಲ್ಲಿ ಸ್ಪೇನಿನ ಹೆರೆಸ್‌ನಲ್ಲಿ ಅದನ್ನೇ ಆ ವರ್ಷದ ಎದುರಾಳಿ ವಿಲ್‌ನವ್ ಮೇಲೆ ಮಾಡಲು ಹೋದ. ಈ ಸಲ ಅವನೇ ಜಲ್ಲಿಯಲ್ಲಿ ಹೂತುಕೊಂಡ. ಆ ವರ್ಷದ ಎರಡನೇ ಸ್ಥಾನವನ್ನೂ ಕಿತ್ತುಕೊಂಡರು. ಒಂದು ಸಲ ಹತ್ತಿದ್ದಕ್ಕೆ ಗೆಲ್ಲುವವನ ಗುಣ ಅನ್ನುತ್ತೇವೆ, ಹತ್ತದಿದ್ದಾಗ ಮೋಸ ಅನ್ನುತ್ತೇವೆ. ಸ್ಟೇರಿಂಗ್ ಹಿಡಿದ ಕೈ ಮಾಡಿದ್ದು ಎರಡು ಸಲವೂ ಒಂದೇ ಕೆಲಸ.

2025ರ ಲೆಕ್ಕ ಇನ್ನೂ ಚೆನ್ನಾಗಿದೆ. ಸ್ಪೇನ್ ರೇಸಿನಲ್ಲಿ ಬೇರೆ ಟೀಮಿನ ರಸೆಲ್‌ಗೆ ಜಾಗ ಬಿಟ್ಟುಕೊಡು ಅಂತ ಟೀಮು ವರ್ಸ್ಟಾಪನ್‌ಗೆ ಹೇಳಿತು. ಅವನಿಗೆ ರೇಗಿತು. ಬಿಟ್ಟ ಹಾಗೆ ಮಾಡಿ ಹೋಗಿ ಗುದ್ದಿದ. 10 ಸೆಕೆಂಡ್ ದಂಡ ಬಿತ್ತು. ಐದನೆಯವನು ಹತ್ತನೆಯವನಾದ. ಕೈಬಿಟ್ಟಿದ್ದು 9 ಅಂಕ. ವರ್ಷದ ಕೊನೆಗೆ ಲ್ಯಾಂಡೋ ನಾರಿಸ್ 423, ವರ್ಸ್ಟಾಪನ್ 421. ಗೆದ್ದ ನಾರಿಸ್ ಯಾರು ಅಂದರೆ, ನನ್ನ ಮೇಲೆ ನನಗೇ ಅನುಮಾನ ಬರುತ್ತದೆ ಅಂತ ಮೈಕ್ ಮುಂದೆ ಹೇಳಿಕೊಂಡು ಬಂದ ಹುಡುಗ. ಇಷ್ಟು ಮೆತ್ತಗಿದ್ದರೆ ಚಾಂಪಿಯನ್ ಆಗಲ್ಲ ಅಂತ ಎಷ್ಟೋ ಜನ ಬರೆದಿದ್ದರು. ವರ್ಸ್ಟಾಪನ್ ಅವನಿಗಿಂತ ವೇಗದ ಡ್ರೈವರ್ ಅಂತಲೇ ನಾನು ಈಗಲೂ ಅನ್ನುತ್ತೇನೆ, ಅದು ಬೇರೆ ಮಾತು.

ವೆಟೆಲ್‌ನ ವಿಷಯದಲ್ಲಿ ಮಾತ್ರ ನನಗೆ ಇನ್ನೂ ಒಂದು ತೀರ್ಮಾನಕ್ಕೆ ಬರೋಕೆ ಆಗಿಲ್ಲ. 2012ರ ಮಲೇಷ್ಯಾದಲ್ಲಿ ನಮ್ಮ ನರೇನ್ ಕಾರ್ತಿಕೇಯನ್ ಕಾರಿಗೆ ತಾಗಿ ಟೈರ್ ಹೋದಾಗ ಅವನನ್ನು ಸೌತೆಕಾಯಿ ಅಂತ ಬೈದವನು ಇವನು. ಮರುವರ್ಷ ಅದೇ ಮಲೇಷ್ಯಾದಲ್ಲಿ ಟೀಮಿನ ಮಾತು ಮೀರಿ ಜೊತೆಗಾರ ವೆಬರ್‌ನ ದಾಟಿ ಗೆದ್ದ. ಕ್ಷಮೆ ಕೇಳಿದ. ಮುಂದಿನ ರೇಸಿಗೆ ಬಂದಾಗ ಅದನ್ನೂ ಹಿಂದಕ್ಕೆ ತಗೊಂಡ ಹಾಗೆ ಮಾತಾಡಿದ. ಅದೇ 2013ರಲ್ಲಿ ಗ್ರೇಟರ್ ನೋಯ್ಡಾದಲ್ಲಿ ನಾಲ್ಕನೇ ಪಟ್ಟ ಗೆದ್ದು, ನಿಯಮ ಮುರಿದು ಕಾರನ್ನು ಗಿರಗಿರ ತಿರುಗಿಸಿ, ಇಳಿದು ಕಾರಿನ ಎದುರು ಮಂಡಿಯೂರಿ ನಮಸ್ಕಾರ ಹಾಕಿದ. ನಾನು ಟಿವಿ ಮುಂದೆ ಅತ್ತುಬಿಟ್ಟೆ. 2021ರಲ್ಲಿ ಅದೇ ಮನುಷ್ಯ ಸಿಲ್ವರ್‌ಸ್ಟೋನ್‌ನಲ್ಲಿ ರೇಸ್ ಮುಗಿದ ಮೇಲೆ ಗ್ಯಾಲರಿಯಲ್ಲಿ ಜನ ಬಿಸಾಕಿದ ಕಸ ಆರಿಸುತ್ತಿದ್ದ. ಗೆಲುವು ನಿಂತ ಮೇಲೆ ಮೆತ್ತಗಾದ ಅನ್ನುವವರಿದ್ದಾರೆ. ಇರಬಹುದು. ವಯಸ್ಸಾಯಿತು, ಮಕ್ಕಳಾದವು, ಅದೂ ಇರಬಹುದು.

ನಿಕಿ ಲೌಡಾನ ಬಗ್ಗೆ ಆ ಗೊಂದಲ ಇಲ್ಲ. ಫೆರಾರಿ ಸೇರಿದ ಹೊಸತರಲ್ಲಿ ಕಾರು ಸರಿಯಿಲ್ಲ ಅಂತ ಟೀಮು ಕಟ್ಟಿದ ಎಂಜೊ ಫೆರಾರಿಯ ಎದುರಿಗೇ ಹೇಳಿದವನು. ಎದುರಿಗಿದ್ದವರು ನಡುಗಿದರಂತೆ. ಸೊಕ್ಕು ಅನ್ನಿ ಬೇಕಾದರೆ. 1976ರ ಆಗಸ್ಟ್ 1ರಂದು ನೂರ್ಬರ್ಗ್‌ರಿಂಗ್‌ನಲ್ಲಿ ಬೆಂಕಿಗೆ ಸಿಕ್ಕಿ ಮುಖ, ಶ್ವಾಸಕೋಶ ಸುಟ್ಟುಕೊಂಡ. ಪಾದ್ರಿ ಬಂದು ಕೊನೆಯ ಪ್ರಾರ್ಥನೆ ಮಾಡಿ ಹೋದರು. ಆರು ವಾರಕ್ಕೆ ಮಾಂಜಾದಲ್ಲಿ ಮತ್ತೆ ಕಾರಿಗೆ ಕೂತು ನಾಲ್ಕನೆಯವನಾಗಿ ಬಂದ. ಮೊದಲ ದಿನ ಭಯದಲ್ಲಿ ಮೈ ಮರಗಟ್ಟಿತ್ತು ಅಂತ ಆಮೇಲೆ ಅವನೇ ಹೇಳಿದ. ವರ್ಷದ ಕೊನೆಯ ರೇಸ್ ಜಪಾನಿನ ಫೂಜಿಯಲ್ಲಿ. ಪಟ್ಟಕ್ಕೆ ಎದುರಾಳಿ ಜೇಮ್ಸ್ ಹಂಟ್. ಹಂಟ್‌ಗಿಂತ ಮೂರು ಅಂಕ ಮುಂದಿದ್ದ. ಜೋರು ಮಳೆ. ಎರಡು ಸುತ್ತು ಹೋಗಿ ಗಾಡಿ ತಂದು ನಿಲ್ಲಿಸಿದ, ಇದರಲ್ಲಿ ಓಡಿಸೋದು ಹುಚ್ಚುತನ ಅಂತ. ಇಂಜಿನ್ ಕೆಟ್ಟಿತು ಅಂತ ಹೇಳೋಣ ಬಿಡು ಅಂತ ಟೀಮಿನವರೇ ದಾರಿ ತೋರಿಸಿದರು. ಬೇಡ, ನಾನೇ ನಿಲ್ಲಿಸಿದ್ದು ಅಂದ. ಹಂಟ್ ಒಂದು ಅಂಕದಿಂದ ಚಾಂಪಿಯನ್ ಆದ. ಲೌಡಾ ಮರುವರ್ಷ ಮತ್ತೆ ಗೆದ್ದ. ನಡುವೆ ರೇಸ್ ಬಿಟ್ಟು ಹೋಗಿ, ವಾಪಸ್ ಬಂದು, 1984ರಲ್ಲಿ ಪ್ರೊಸ್ಟ್‌ಗಿಂತ ಅರ್ಧ ಅಂಕ ಜಾಸ್ತಿ ತಗೊಂಡು ಮೂರನೇ ಸಲ ಗೆದ್ದ. ಬ್ರೇಕ್ ಹಾಕೋಕೂ ಯಾರ ಅಪ್ಪಣೆ ಕೇಳದವನು.

ಇಷ್ಟೆಲ್ಲ ಆ ಹುಡುಗನಿಗೆ ಒಂದೇ ಸಲ ಹೇಳಿಲ್ಲ, ಪಾಠದ ಮಧ್ಯೆ ಸ್ವಲ್ಪ ಸ್ವಲ್ಪ ಹೇಳುತ್ತಿದ್ದೇನೆ. ಅವನು ಇನ್ನೂ ಸೆನ್ನಾ ಪಾರ್ಟಿಯೇ. ಮೊನ್ನೆ ಕೇಳಿದ, "ಹಂಗಾರೆ ಮೇಡಂ, ನೀವು ಯಾರ ಪಕ್ಕದ ಸೀಟಲ್ಲಿ ಕೂರ್ತೀರಿ?" ಸ್ಟೀವರ್ಟ್ ಬಾನೆಟ್ ಮೇಲೆ ಬಟ್ಟಲಿಟ್ಟು, ಅದರಲ್ಲಿ ಚೆಂಡಿಟ್ಟು, ಚೆಂಡು ಬೀಳದ ಹಾಗೆ ಓಡಿಸಿ ತೋರಿಸುತ್ತಿದ್ದ. ಅವನ ಪಕ್ಕ ಕೂತು ಹುಬ್ಬಳ್ಳಿವರೆಗೆ ನಿದ್ದೆ ಮಾಡಿಕೊಂಡು ಹೋಗುತ್ತೇನೆ ಅಂದೆ. ಕ್ಲಾರ್ಕ್ ಜೊತೆ ಆದರೆ ಎಚ್ಚರವಾಗಿದ್ದು ಕಾಲು ನೋಡುತ್ತೇನೆ.

"ಸೆನ್ನಾ?"

"ಕೂರ್ತೀನಪ್ಪ. ನನ್ನ ಕಡೆನೂ ಬ್ರೇಕ್ ಇರ್ಬೇಕು."